ಕಿಟ್ ಗಿಟಾರ್: ಮರ ಪರವಾಗಿಲ್ಲ, ನಟ್ ಬೇಡ, ಮಳೆಗಾಲ ಬೇಡವೇ ಬೇಡ

ಆನ್‌ಲೈನ್‌ನಲ್ಲಿ ಸಿಗುವ, ಹೆಸರು ದೆಸೆ ಇಲ್ಲದ ‘ಎಸ್’ ಮಾದರಿಯ, ಅಂದರೆ ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಆಕಾರದ, ಎಲೆಕ್ಟ್ರಿಕ್ ಗಿಟಾರ್ ಕಿಟ್‌ನ ವಿಮರ್ಶೆ ಇದು. ಬಾಡಿ, ನೆಕ್ (ಬೆರಳಿಡುವ ಉದ್ದ ಕತ್ತು), ಮೂರು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿ), ಬ್ರಿಜ್ (ತಂತಿಗಳ ಕೆಳತುದಿ ಹಿಡಿಯುವ ಲೋಹದ ತುಂಡು), ಟ್ಯೂನಿಂಗ್ ಕೀಗಳು, ಸ್ಕ್ರೂ ಪೊಟ್ಟಣ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಬಣ್ಣ ಹಚ್ಚುವುದು, ಜೋಡಿಸುವುದು, ಶ್ರುತಿಗೆ ತರುವುದು ಕೊಂಡವರ ಪಾಲಿಗೆ. ಇಂಥ ಕಿಟ್‌ಗಳ ಬಗ್ಗೆ ಓದಲು ಸಿಗುವ ಸಲಹೆಗಳು ಬಹುಪಾಲು ಒಣಹವೆಯ ಊರುಗಳವು. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಾಗಲಿ ಬದಿಯಡ್ಕ, ಪೆರ್ಲ, ಮುಳ್ಳೇರಿಯಾದ ತೋಟದ ಮನೆಗಳಲ್ಲಾಗಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಕಿಟ್ ಕೈಕೊಡುವುದು ಹೆಚ್ಚಾಗಿ ಬಣ್ಣದ ಹಂತದಲ್ಲಿ. ಅದೂ ಬಣ್ಣ ಹಚ್ಚಲು ಆರಿಸಿದ ತಿಂಗಳು ಸರಿಯಿಲ್ಲದೆ.

ಹಣ ಉಳಿಯುತ್ತದೆಂದು ಕೊಳ್ಳುವವರು ಆ ಆಸೆ ಈಗಲೇ ಬಿಡಬಹುದು. ಕಿಟ್‌ನ ಬೆಲೆಗೆ ಸ್ಯಾಂಡ್ ಪೇಪರ್, ಬಣ್ಣ, ಥಿನ್ನರ್, ಒಳ್ಳೆಯ ತಂತಿ, ಹೊಸ ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಹಾಯುವ ಸೀಳುಗಳ ಪಟ್ಟಿ), ಸೋಲ್ಡರಿಂಗ್ ಐರನ್ ಇಷ್ಟು ಸೇರಿಸಿದರೆ ಮಂಗಳೂರಿನ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಆರಂಭಿಕ ಗಿಟಾರಿನ ಬೆಲೆಗೆ ಸಮ ಬರುತ್ತದೆ, ಕೆಲವೊಮ್ಮೆ ದಾಟುತ್ತದೆ. ಮಾರಿದರೆ ಹಾಕಿದ್ದು ಹಿಂದೆ ಬಾರದು. ಗಿಟಾರಿನ ಒಳಗೇನಿದೆ ಎಂದು ಕೈಯಾರೆ ತಿಳಿಯಬೇಕೆನ್ನುವವರಿಗೆ ಮಾತ್ರ ಇದು ತಕ್ಕ ಸರಕು. ಅಂಥವರಿಗೆ ಕೊಟ್ಟ ದುಡ್ಡು ಮೋಸವಲ್ಲ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಸ್ಯಾಂಡ್ ಪೇಪರ್ ಹಿಡಿಯಬಾರದು. ಒಮ್ಮೆ ಉಜ್ಜಿದ ಮೇಲೆ ಮಾರಿದವರು ವಾಪಸು ತೆಗೆದುಕೊಳ್ಳುವುದಿಲ್ಲ. ಮೊದಲು ನೆಕ್ಕನ್ನು ಬಾಡಿಯ ಗುಂಡಿಯಲ್ಲಿ ಸ್ಕ್ರೂ ಇಲ್ಲದೆ ಕೂರಿಸಿ ನೋಡಬೇಕು. ಬಾಡಿಯನ್ನು ನೆಕ್ ಹಿಡಿದೇ ಎತ್ತಿದರೆ ಜಾರಿ ಬೀಳದಷ್ಟು ಬಿಗಿ ಇದ್ದರೆ ಉತ್ತಮ. ಪಕ್ಕದಲ್ಲಿ ಒಂದು ಎಟಿಎಂ ಕಾರ್ಡ್ ತೂರುವಷ್ಟು ಸಂದಿದ್ದರೂ ಅಡ್ಡಿಯಿಲ್ಲ, ಎರಡು ಕಾರ್ಡ್ ತೂರಿದರೆ ಫೋಟೊ ತೆಗೆದು ದೂರು ಕೊಡಿ. ಆಮೇಲೆ ಅಳತೆ. ನಟ್‌ನಿಂದ 12ನೇ ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗೆ) 324 ಮಿ.ಮೀ. ಇರಬೇಕು. ಅದರ ಇಮ್ಮಡಿ 648 ಮಿ.ಮೀ., ಅಂದರೆ ಇಪ್ಪತ್ತೈದೂವರೆ ಇಂಚು, ಸಣ್ಣ ತಂತಿಯ ಸ್ಯಾಡಲ್ (ಬ್ರಿಜ್ ಮೇಲೆ ತಂತಿಯನ್ನು ಹೊರುವ, ಸರಿಸಬಲ್ಲ ತುಂಡು) ಕೂರಬೇಕಾದ ಜಾಗ. ಬ್ರಿಜ್‌ನ ಆರು ತೂತುಗಳನ್ನು ಕಾರ್ಖಾನೆಯವರೇ ಕೊರೆದಿರುತ್ತಾರೆ. ಬ್ರಿಜ್ಜನ್ನು ಅಲ್ಲಿಟ್ಟು ಸ್ಯಾಡಲ್ ಹಿಂದೆ ಮುಂದೆ ಎಷ್ಟು ಸರಿಯುತ್ತದೆ ನೋಡಿದರೆ ಈ 648 ಅದರ ವ್ಯಾಪ್ತಿಯೊಳಗೆ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಕೊನೆಗೆ ಎರಡು ಹೊಲಿಗೆ ನೂಲು: ನಟ್‌ನ ಎರಡು ಅಂಚಿನ ಸೀಳುಗಳಿಂದ ಬ್ರಿಜ್‌ನ ಎರಡು ಅಂಚಿನ ಸ್ಯಾಡಲ್‌ಗಳಿಗೆ ಎಳೆದು ಕಟ್ಟಿ. ಕೊನೆಯ ಫ್ರೆಟ್ಟಿನ ಹತ್ತಿರ ಎರಡೂ ಬದಿಯ ಅಂಚು ಬಿಟ್ಟು ಸರಿಸುಮಾರು ಒಂದೇ ಅಂತರದಲ್ಲಿ ನೂಲು ಹೋಗಬೇಕು. ಒಂದು ಬದಿಗೆ ವಾಲಿದರೆ ನೆಕ್ಕನ್ನು ಕೂಡಿಸುವಾಗ ಸ್ವಲ್ಪ ತಿರುಗಿಸಿ ಸರಿಪಡಿಸಬಹುದು. ತೂತುಗಳೇ ತಪ್ಪಿದ್ದರೆ ತೇಗದ ಕಡ್ಡಿಯನ್ನು ಫೆವಿಕಾಲ್ ಹಚ್ಚಿ ತುಂಬಿ, ಒಂದು ದಿನ ಬಿಟ್ಟು ಮತ್ತೆ ಕೊರೆಯಬೇಕು. ಬಣ್ಣ ಹಚ್ಚಿದ ಮೇಲೆ ಈ ತಪ್ಪು ಕಂಡರೆ ಅತ್ತೂ ಪ್ರಯೋಜನವಿಲ್ಲ.

ಬಾಡಿ ಬಾಸ್‌ವುಡ್‌ನದು. ಹಗುರ, ಮೆತ್ತಗೆ, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಮೂರ್ನಾಲ್ಕು ತುಂಡು ಅಂಟಿಸಿ ಮಾಡಿದ್ದು, ಅದರಲ್ಲೇನೂ ತಪ್ಪಿಲ್ಲ. ಕೆಲವರು ಪೌಲೋನಿಯಾ ಮರದ್ದು ಕಳಿಸುತ್ತಾರೆ. ಅದು ಇನ್ನೂ ಹಗುರ. ಕೈಬಿಟ್ಟರೆ ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀಗಳಿರುವ ನೆಕ್‌ನ ತಲೆ) ನೆಲ ನೋಡುತ್ತದೆ, ಸ್ಕ್ರೂ ಹಿಡಿತವೂ ಕಡಿಮೆ. ಆರಿಸುವ ಅವಕಾಶವಿದ್ದರೆ ಬಾಸ್‌ವುಡ್ ಇರಲಿ. ನೆಕ್ ಮೇಪಲ್‌ನದು, ಒಳಗೆ ನೆಕ್‌ನ ಬಾಗು ತಿದ್ದುವ ಟ್ರಸ್ ರಾಡ್ ಎಂಬ ಸರಳು ಇದೆ, 22 ಫ್ರೆಟ್. ಇಡೀ ಕಿಟ್‌ನಲ್ಲಿ ಬೆಲೆಗೆ ಮೀರಿ ಬಂದಿರುವ ಭಾಗ ಇದೊಂದೇ.

ನಮ್ಮ ಕಡೆ ಬರುವ ಪ್ರಶ್ನೆಯೊಂದಿದೆ: ಮದ್ದಳೆಗೆ ಹಲಸು ಒಗ್ಗುವುದಾದರೆ ಗಿಟಾರಿನ ಬಾಡಿಗೆ ಯಾಕಾಗದು? ಆಗುತ್ತದೆ. 45 ಮಿ.ಮೀ. ದಪ್ಪ, 330 ಮಿ.ಮೀ. ಅಗಲ, 460 ಮಿ.ಮೀ. ಉದ್ದದ ಹಲಗೆ ಸಾಕು. ಅಗಲ ಸಿಗದಿದ್ದರೆ ಎರಡು ತುಂಡು ಜೋಡಿಸಬಹುದು. ಬಾಸ್‌ವುಡ್‌ಗಿಂತ ಭಾರ ಜಾಸ್ತಿ, ತೂಕ ತಡೆಯುವ ಹೆಗಲು ಬೇಕು. ಮಿಲ್ಲಿನಿಂದ ನಿನ್ನೆ ಸೀಳಿ ತಂದ ಹಲಗೆ ಮಾತ್ರ ಬೇಡ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಗಾಳಿಯಲ್ಲಿ ಒಣಗಿಸುವ ಹಳೆಯ ಲೆಕ್ಕ. ಆಚಾರಿಗಳ ಬಳಿ ಹಳೆಯ ಮನೆಯ ಬಾಗಿಲ ದಾರಂದವೋ ಮಂಚದ ಹಲಗೆಯೋ ಇದ್ದರೆ ಅದರ ಚೇಗು ಎಲ್ಲಕ್ಕಿಂತ ಮೇಲು. ನೆಕ್ಕನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬಾರದು. ಫ್ರೆಟ್ ಸೀಳು ಅರ್ಧ ಮಿ.ಮೀ. ತಪ್ಪಿದರೂ ಅಪಶ್ರುತಿ ಜೀವನಪರ್ಯಂತ.

ಹೆಡ್‌ಸ್ಟಾಕ್ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಹಲಗೆಯಾಗಿ ಬರುತ್ತದೆ. ಇದು ಕಾರ್ಖಾನೆಯವರ ಸೋಮಾರಿತನವಲ್ಲ. ಫೆಂಡರ್ ಕಂಪನಿಗೆ ತನ್ನ ಹೆಡ್‌ಸ್ಟಾಕ್ ಆಕಾರಗಳ ಮೇಲೆ ಟ್ರೇಡ್‌ಮಾರ್ಕ್ ಇದೆ. ಬಾಡಿಯ ಆಕಾರಕ್ಕೆ ಕೇಳಿದ್ದು ಅಮೆರಿಕದಲ್ಲಿ 2009ರಲ್ಲಿ ಸಿಗಲಿಲ್ಲ. ಹಾಗಾಗಿ ಬಾಡಿ 1954ರ ಸ್ಟ್ರಾಟೊಕ್ಯಾಸ್ಟರ್‌ನ ಪಡಿಯಚ್ಚು, ಹೆಡ್‌ಸ್ಟಾಕ್ ಖಾಲಿ ಹಲಗೆ. ರಟ್ಟಿನಲ್ಲಿ ಸ್ವಂತ ಆಕಾರ ಕತ್ತರಿಸಿಟ್ಟು, ಟ್ಯೂನಿಂಗ್ ಕೀಯ ತೂತಿನ ಸುತ್ತ ಕನಿಷ್ಠ 8 ಮಿ.ಮೀ. ಮರ ಉಳಿಯುವಂತೆ ಗೆರೆ ಎಳೆದು, ಸಣ್ಣ ಹಲ್ಲಿನ ಗರಗಸದಲ್ಲಿ ಗೆರೆಯ ಹೊರಗೆ ಕೊಯ್ದು, ಅರದಿಂದ ಗೆರೆಗೆ ತರುವುದು ಕ್ರಮ.

ಇನ್ನು ಬಣ್ಣ. ಅದಕ್ಕೂ ಮೊದಲು ಮರಕ್ಕೆ ಊರಿನ ಹವೆ ಒಗ್ಗಬೇಕು. ಶೇ. 65ರ ತೇವಾಂಶದ ಗಾಳಿಯಲ್ಲಿ ಮರದೊಳಗಿನ ನೀರು ಶೇ. 12ರ ಸುಮಾರಿಗೆ ನಿಲ್ಲುತ್ತದೆ. ಗಾಳಿಯ ತೇವಾಂಶ 80ಕ್ಕೆ ಏರಿದರೆ ಅದು 16ರ ಹತ್ತಿರ. ಮಳೆಗಾಲದ ಕಾಸರಗೋಡು ಈ ಎರಡನೇ ಲೆಕ್ಕದ್ದು. ಉಬ್ಬಿದ ಮರದ ಮೇಲೆ ಬಣ್ಣ ಹಚ್ಚಿ, ಬೇಸಿಗೆಯಲ್ಲಿ ಅದು ಕುಗ್ಗಿದಾಗ ಅಂಟಿನ ಗೆರೆಗಳು ಬಣ್ಣದ ಮೇಲೆ ಎದ್ದು ಕಾಣುತ್ತವೆ. ಆದ್ದರಿಂದ ಬಾಡಿಯನ್ನೂ ನೆಕ್ಕನ್ನೂ ಪೆಟ್ಟಿಗೆಯಿಂದ ತೆಗೆದು ಎರಡು ವಾರ ಗಾಳಿಯಾಡುವ ಕೋಣೆಯಲ್ಲಿ ನೂಲಿಗೆ ತೂಗುಹಾಕಿ. ಅಡುಗೆಮನೆಯ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡಬೇಡಿ. ಹೊಗೆಯ ಜಿಡ್ಡು ಹೊಕ್ಕ ಮರಕ್ಕೆ ಯಾವ ಸೀಲರೂ (ಮರದ ರಂಧ್ರ ಮುಚ್ಚುವ ಮೊದಲ ಪದರ) ಹಿಡಿಯದು.

ಬಣ್ಣದ ಕೆಲಸಕ್ಕೆ ಕ್ಯಾಲೆಂಡರ್ ಬೇಕಿಲ್ಲ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಶುರು ಮಾಡಿ, ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮೊದಲು ಮುಗಿಸಬೇಕು. ಅದರಲ್ಲೂ ಡಿಸೆಂಬರ್‌ನಿಂದ ಫೆಬ್ರುವರಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಸ್ಪ್ರೇ ಡಬ್ಬಿ ಅಲುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಾರಣ ಸರಳ: ಥಿನ್ನರ್ ಆವಿಯಾಗುವಾಗ ಮೇಲ್ಮೈಯ ಬಿಸಿ ಕದಿಯುತ್ತದೆ, ತಣ್ಣಗಾದ ಮೇಲ್ಮೈಯ ಮೇಲೆ ಗಾಳಿಯ ನೀರು ಇಬ್ಬನಿಯಾಗಿ ಕೂರುತ್ತದೆ, ಅದು ಲ್ಯಾಕರ್‌ನೊಳಗೆ ಸಿಕ್ಕಿ ಹಾಲು ಚೆಲ್ಲಿದ ಹಾಗೆ ಬಿಳಿ ಮಂಜಾಗಿ ಕಾಣುತ್ತದೆ. ಪೈಂಟ್ ಅಂಗಡಿಯಲ್ಲಿ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಕೇಳಿ ತಂದು, ಒಣ ಬಿಸಿಲಿನ ದಿನ ತೆಳ್ಳಗೆ ಸಿಂಪಡಿಸಿದರೆ ಮಂಜು ಹೆಚ್ಚಾಗಿ ಬಿಡುತ್ತದೆ. ಬಿಡದಿದ್ದರೆ ಉಜ್ಜಿ ತೆಗೆಯುವುದೇ ಗತಿ.

ಕಿಟ್‌ನ ಬಾಡಿಗೆ ಕಾರ್ಖಾನೆಯವರು ತೆಳ್ಳಗೆ ಸೀಲರ್ ಹೊಡೆದಿರುವುದುಂಟು. ಜಾಹೀರಾತಿನಲ್ಲಿ ಅದನ್ನು ಹೇಳುವುದಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನ ಎಲೆಯ ಮೇಲಿನ ಹನಿಯಂತೆ ದುಂಡಗೆ ನಿಂತರೆ ಸೀಲರ್ ಇದೆ, ಅದನ್ನು ಪೂರ್ತಿ ಉಜ್ಜಿ ತೆಗೆಯದೆ ಸ್ಟೇನ್ (ಎಳೆ ಕಾಣುವಂತೆ ಮರಕ್ಕೆ ಇಂಗುವ ಬಣ್ಣ) ಹಿಡಿಯದು. ಹನಿ ಇಂಗಿದರೆ ಬರಿಯ ಮರ. ಹಾಗಿದ್ದರೂ ಬಾಸ್‌ವುಡ್ ಸ್ಟೇನನ್ನು ಒಂದೇ ಸಮನೆ ಕುಡಿಯುವುದಿಲ್ಲ, ಅಲ್ಲಲ್ಲಿ ಕಲೆ ಕಟ್ಟುತ್ತದೆ. ಅಂಟು ಹರಿದ ಜಾಗ ಬೆಳ್ಳಗೆ ಉಳಿಯುತ್ತದೆ. ಮರದ ಎಳೆ ಕಾಣಬೇಕೆಂಬ ಹಟ ಬಿಟ್ಟು ಗಟ್ಟಿ ಬಣ್ಣ ಹೊಡೆಯುವುದು ಈ ಬಾಡಿಗೆ ಮರ್ಯಾದೆ.

ಉಜ್ಜುವ ಕ್ರಮ 180, 240, 320 ನಂಬರಿನ ಸ್ಯಾಂಡ್ ಪೇಪರ್, ಎಳೆಯ ದಿಕ್ಕಿನಲ್ಲೇ. 240 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಮರದ ರೋಮ ಎದ್ದು ನಿಲ್ಲುತ್ತದೆ. 320 ಅದನ್ನು ಕತ್ತರಿಸುತ್ತದೆ. ಕೊಂಬುಗಳ ತುದಿಯಲ್ಲಿ ಎಳೆ ಕಡಿದ ಮುಖ ಬಣ್ಣವನ್ನು ಬಾಯಾರಿದಂತೆ ಹೀರುವುದರಿಂದ ಅಲ್ಲಿ 400ರವರೆಗೆ ಹೋಗಬೇಕು. ನೆಕ್ ಕೂರುವ ಗುಂಡಿಗೆ ಸ್ಯಾಂಡ್ ಪೇಪರ್ ತಾಗಿಸಬೇಡಿ, ಬಣ್ಣವೂ ಹೋಗದಂತೆ ಮಾಸ್ಕಿಂಗ್ ಟೇಪ್ ಅಂಟಿಸಿ. ಅಲ್ಲಿ ಬಣ್ಣ ಕಟ್ಟಿದರೆ ನೆಕ್ ಬಿಗಿಯುವಾಗ ಅಂಚಿನಿಂದ ಚಕ್ಕೆ ಏಳುತ್ತದೆ.

ಉಜ್ಜಿದ ಮರವನ್ನು ಬರಿಗೈಯಲ್ಲಿ ಮುಟ್ಟಬಾರದು. ತಲೆಗೂ ಅಡುಗೆಗೂ ತೆಂಗಿನೆಣ್ಣೆಯೇ ಆಗಿರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಎಣ್ಣೆಯ ಬೆರಳಚ್ಚು ಬಿದ್ದಲ್ಲಿ ಬಣ್ಣ ಹಿಂಜರಿದು ಸಣ್ಣ ಸಣ್ಣ ಗುಳಿ ಬೀಳುತ್ತವೆ. ಪೈಂಟರುಗಳು ಇದಕ್ಕೆ ಫಿಶ್ ಐ ಎನ್ನುತ್ತಾರೆ. ಬಣ್ಣಕ್ಕೆ ಮೊದಲು ಶುದ್ಧ ಬಿಳಿ ಬಟ್ಟೆಯಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಕಿ ಒರೆಸಿ, ಅರ್ಧ ಗಂಟೆ ಬಿಡಿ.

ಬಣ್ಣ ಯಾವುದು? ಮನೆಯಲ್ಲೇ ಮಾಡುವುದಾದರೆ ವಾಹನದ ಬಿಡಿಭಾಗದ ಅಂಗಡಿಯಲ್ಲಿ ಸಿಗುವ 400 ಎಂಎಲ್ ಅಕ್ರಿಲಿಕ್ ಸ್ಪ್ರೇ ಡಬ್ಬಿ: ಪ್ರೈಮರ್ ಒಂದು, ಬಣ್ಣ ಎರಡು, ಕ್ಲಿಯರ್ ಮೂರು. 20ರಿಂದ 25 ಸೆಂ.ಮೀ. ದೂರದಿಂದ, ಬಾಡಿಯ ಹೊರಗೆ ಶುರುಮಾಡಿ ಹೊರಗೇ ನಿಲ್ಲಿಸುವಂತೆ ಬೀಸಬೇಕು. ಎರಡು ಪದರದ ನಡುವೆ 15 ನಿಮಿಷ, ದಿನಕ್ಕೆ ಮೂರು ಪದರಕ್ಕಿಂತ ಹೆಚ್ಚಿಲ್ಲ. ಒಂದೇ ಕಂಪನಿಯ ಮೂರೂ ಬಗೆಯ ಡಬ್ಬಿ ತಂದರೆ ತಂಟೆಯಿಲ್ಲ. ಮನೆಯ ಗೇಟಿಗೆ ತಂದು ಉಳಿದ ಎನಾಮೆಲ್ ಮೇಲೆ ಅಕ್ರಿಲಿಕ್ ಅಥವಾ ಎನ್‌ಸಿ ಹೊಡೆದರೆ ಕೆಳಗಿನ ಪದರ ಮುದುಡಿ ಮುದುಕನ ಚರ್ಮವಾಗುತ್ತದೆ. ಕ್ಲಿಯರ್ ಆದ ಮೇಲೆ ಕನಿಷ್ಠ ಎರಡು ವಾರ ತೂಗುಹಾಕಿ, ಮೂಗಿಗೆ ಹಿಡಿದು ನೋಡಿ. ಥಿನ್ನರ್ ವಾಸನೆ ಇದ್ದರೆ ಇನ್ನೂ ಆರಿಲ್ಲ. ಆಮೇಲೆ 1000, 1500, 2000ದ ವಾಟರ್ ಪೇಪರ್, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಕೊನೆಗೆ ರಬ್ಬಿಂಗ್ ಕಂಪೌಂಡ್. ಸ್ಕ್ರೂ ತೂತುಗಳೊಳಗೆ ನೀರು ಇಳಿಯದಂತೆ ಮೇಣ ತುಂಬಿಡಿ. ಇಳಿದರೆ ಸುತ್ತಲಿನ ಬಣ್ಣ ಉಬ್ಬಿ ಬಿರಿಯುತ್ತದೆ. ಅಂಚುಗಳಲ್ಲಿ ಪೇಪರ್ ಎರಡೇ ಎಳೆತ. ಬಣ್ಣ ಹರಿದು ಮರ ಕಾಣುವುದು ಯಾವಾಗಲೂ ಅಂಚಿನಲ್ಲೇ.

ಇದಕ್ಕಿಂತ ಒಳ್ಳೆಯ ದಾರಿ ಇದೆ. ಬಾಗಿಲು, ಅಲ್ಮೇರಕ್ಕೆ ಸ್ಪ್ರೇ ಮಾಡುವ ಫರ್ನಿಚರ್ ವರ್ಕ್‌ಶಾಪು ನಮ್ಮ ಕಡೆ ಸಣ್ಣ ಪೇಟೆಗಳಲ್ಲೂ ಇರುತ್ತದೆ. ಅವರು ಬಾಗಿಲುಗಳಿಗೆ ಪಿಯು (ಪಾಲಿಯುರೆಥೇನ್) ಹೊಡೆಯುವ ದಿನವೇ ಬಾಡಿಯನ್ನೂ ಕೊಟ್ಟರೆ ಎರಡು ಪದರ ಪಿಯು ಸೀಲರ್, ಎರಡು ಪದರ ಪಿಯು ಕ್ಲಿಯರ್ ಅಗ್ಗದಲ್ಲಿ ಮುಗಿಯುತ್ತದೆ. ಹಾರ್ಡನರ್ ಬೆರೆಸಿ ಗಟ್ಟಿಯಾಗುವ ಬಗೆಯಾದ್ದರಿಂದ ಬೆವರಿಗೂ ಉಪ್ಪುಗಾಳಿಗೂ ತಡೆಯುತ್ತದೆ. ‘ತೆಳ್ಳಗೆ ಸಾಕು’ ಎಂದು ಮೊದಲೇ ಹೇಳಬೇಕು. ಊಟದ ಮೇಜಿನ ದಪ್ಪಕ್ಕೆ ಹೊಡೆದರೆ ಪಿಕ್‌ಗಾರ್ಡ್ (ಪಿಕಪ್‌ಗಳನ್ನು ಹೊತ್ತ ಪ್ಲಾಸ್ಟಿಕ್ ಹಲಗೆ) ಸರಿಯಾಗಿ ಕೂರುವುದಿಲ್ಲ. ಪಿಯು ಹಾರ್ಡನರಿನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಸರಿಯಾದ ಮಾಸ್ಕ್ ಇಲ್ಲದೆ ಮನೆಯ ಜಗಲಿಯಲ್ಲಿ ಪ್ರಯೋಗ ಬೇಡ.

ಅರಗಿನ ಫ್ರೆಂಚ್ ಪಾಲಿಶ್ ನೋಡಲು ಸೊಗಸು, ಬೆವರಿನ ಮೊಣಕೈ ತಾಗುವಲ್ಲಿ ಬೆಳ್ಳಗಾಗುತ್ತದೆ. ಹಸಿ ಅಗಸೆ ಎಣ್ಣೆಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಇನ್ನು ಮಾಡಿನ ಪಕ್ಕಾಸು, ರೀಪಿಗೆ ಗೆದ್ದಲು ಬಾರದಂತೆ ಹಚ್ಚುವ ಗೇರೆಣ್ಣೆಯನ್ನು ಗಿಟಾರಿಗೂ ಹಚ್ಚಬಹುದೇ ಎಂಬ ಯೋಚನೆ ಗೇರುತೋಟದ ನಾಡಿನಲ್ಲಿ ಬಾರದಿರದು. ಬೇಡ. ಆರಲು ಬಹಳ ಹೊತ್ತು, ಬಣ್ಣ ಕಪ್ಪು, ಚರ್ಮಕ್ಕೆ ತಾಗಿದರೆ ಗುಳ್ಳೆ. ಗಿಟಾರನ್ನು ಎದೆಗಪ್ಪಿ ನುಡಿಸುವುದು ಎಂಬುದು ನೆನಪಿರಲಿ.

ಮೇಪಲ್ ನೆಕ್ಕಿಗೂ ಸೀಲರ್ ಬೇಕೇ ಬೇಕು. ಬರಿ ಮರ ಬಿಟ್ಟರೆ ತಿಂಗಳೊಳಗೆ ಕೈಕೊಳೆ ಕೂತು ಬೂದಿ ಬಣ್ಣವಾಗುತ್ತದೆ, ಹವೆ ಬದಲಾದಂತೆಲ್ಲ ಬಾಗುತ್ತದೆ. ಹಿಂಬದಿಗೆ ಮ್ಯಾಟ್ ಕ್ಲಿಯರ್ ಎರಡು ಪದರ ಸಾಕು. ಹೊಳಪಿನದ್ದು ಹೊಡೆದರೆ ನಮ್ಮ ಸೆಕೆಗೆ ಹೆಬ್ಬೆರಳು ಅಂಟುತ್ತದೆ.

ವಯರಿಂಗ್ ಈ ಕಿಟ್‌ನ ಬಡ ಭಾಗ. ಪಿಕಪ್‌ಗಳು ಸೆರಾಮಿಕ್ ಅಯಸ್ಕಾಂತದ ಸಿಂಗಲ್ ಕಾಯಿಲ್. ಮಲ್ಟಿಮೀಟರಿನಲ್ಲಿ ಒಂದೊಂದಕ್ಕೂ 5ರಿಂದ 7 ಕಿಲೋ ಓಮ್ ತೋರಿಸಿದರೆ ಕಾಯಿಲ್ ಸರಿಯಿದೆ ಎಂದು ಅರ್ಥ, ಏನೂ ತೋರಿಸದಿದ್ದರೆ ತಂತಿ ಕಡಿದಿದೆ. ಸದ್ದು ಸ್ವಲ್ಪ ಚೂಪು. ಇಂಥ ಪಿಕಪ್ಪಿಗೆ 250 ಕಿಲೋ ಓಮ್‌ನ ಪಾಟ್ (ವಾಲ್ಯೂಮ್, ಟೋನ್ ಹೆಚ್ಚುಕಡಿಮೆ ಮಾಡುವ ಭಾಗ) ಹೊಂದುತ್ತದೆ. ಕಿಟ್‌ನಲ್ಲಿ 500 ಬಂದಿದ್ದರೆ ಆ ಚೂಪಿಗೆ ಅದೇ ಅರ್ಧ ಕಾರಣ. ಟೋನ್ ಕೆಪಾಸಿಟರ್ ಮೇಲೆ 223 ಎಂದಿದ್ದರೆ 0.022 ಮೈಕ್ರೊಫ್ಯಾರಡ್, 473 ಎಂದಿದ್ದರೆ 0.047, ಎರಡೂ ನಡೆಯುತ್ತವೆ. ಪಿಕಪ್ ಆರಿಸುವ ಐದು ಸ್ಥಾನದ ಸ್ವಿಚ್ ಬೇಗ ಸಡಿಲವಾಗುವ ಬಗೆಯದು. ಬದಲಿಸುವ ಪಟ್ಟಿಯಲ್ಲಿ ನಟ್ ಆದ ಮೇಲೆ ಎರಡನೇ ಹೆಸರು ಇದರದ್ದು. ಹಳೆಯ ಸ್ಟ್ರಾಟ್‌ಗಳಲ್ಲಿ ಮೂರೇ ಸ್ಥಾನವಿತ್ತು, 1977ರಲ್ಲಿ ಐದಾಯಿತು. ಎರಡನೇ ಮತ್ತು ನಾಲ್ಕನೇ ಸ್ಥಾನದಲ್ಲಿ ಸದ್ದು ಮೂಗಿನಿಂದ ಬಂದಂತೆ ಪೀಚಾಗಿ, ಮಂದ್ರವೇ ಇಲ್ಲದೆ ಕೇಳಿದರೆ ನಡುವಿನ ಪಿಕಪ್‌ನ ಎರಡು ವಯರ್ ಅದಲು ಬದಲಾಗಿವೆ. ಬಿಚ್ಚಿ ತಿರುಗಿಸಿ ಬೆಸೆದರೆ ಸರಿ.

ಗುಂಯ್ ಎನ್ನುವ ಶಬ್ದದ ದೂರು ಸಿಂಗಲ್ ಕಾಯಿಲ್‌ಗೆ ಹುಟ್ಟಿನಿಂದ ಬಂದದ್ದು. ಅದಕ್ಕೆ ಮನೆಯ ಹಳೆಯ ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್ಇಡಿ ಬಲ್ಬು, ಸರಿಯಿಲ್ಲದ ಅರ್ತಿಂಗ್ ಜೊತೆಗೂಡುತ್ತವೆ. ಮದ್ದು ತಾಮ್ರದ ಟೇಪು: ಪಿಕಪ್ ಗುಂಡಿ, ಕಂಟ್ರೋಲ್ ಗುಂಡಿಯ ತಳ ಗೋಡೆಗಳಿಗೆ ಅಂಟಿಸಿ, ತುಂಡುಗಳ ಸಂದಿಗೆ ಸೋಲ್ಡರ್ ಚುಕ್ಕೆ ಇಟ್ಟು, ಎಲ್ಲಕ್ಕೂ ಗ್ರೌಂಡ್ ಕೊಟ್ಟು, ಮಲ್ಟಿಮೀಟರಿನಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಒಂದು ಓಮ್‌ಗಿಂತ ಕಡಿಮೆ ಬರುತ್ತದೋ ನೋಡಬೇಕು. ಬ್ರಿಜ್‌ನ ಸ್ಪ್ರಿಂಗ್ ಹಿಡಿದಿಡುವ ಕೊಕ್ಕೆ ಪಟ್ಟಿಗೆ ಗ್ರೌಂಡ್ ವಯರ್ ಬೆಸೆಯಲೇಬೇಕು. 25 ವಾಟಿನ ಐರನ್ ಆ ದಪ್ಪ ಲೋಹವನ್ನು ಕಾಯಿಸದು, ಸೋಲ್ಡರ್ ಉಂಡೆಗಟ್ಟಿ ಮರುದಿನ ಕಳಚುತ್ತದೆ. 60 ವಾಟಿನದು ಬೇಕು, ಪಟ್ಟಿಯನ್ನೂ ಮೊದಲು ಸ್ಯಾಂಡ್ ಪೇಪರಿನಲ್ಲಿ ಕೆರೆದಿರಬೇಕು. ಕೊನೆಯ ಪರೀಕ್ಷೆ: ತಂತಿ ಮುಟ್ಟಿದಾಗ ಗುಂಯ್‌ಗುಡುವುದು ಕಡಿಮೆಯಾದರೆ ಸರಿ, ಹೆಚ್ಚಾದರೆ ಕೇಬಲ್ ಚುಚ್ಚುವ ಜ್ಯಾಕ್‌ನ ಎರಡು ವಯರ್ ಅದಲು ಬದಲಾಗಿವೆ. ಮುಟ್ಟಿದಾಗ ಜುಮ್ಮೆಂದರೆ ಅದು ಗಿಟಾರಿನ ತಪ್ಪಲ್ಲ, ಹೆಚ್ಚಾಗಿ ಮನೆಯ ಅರ್ತಿಂಗಿನದು. ಎಲೆಕ್ಟ್ರಿಶಿಯನ್‌ಗೆ ತೋರಿಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸುವವರೆಗೆ ಆಂಪ್ಲಿಫೈಯರ್‌ಗೆ ಪ್ಲಗ್ ಬೇಡ. ಅಕ್ಟೋಬರ್, ನವೆಂಬರ್‌ನ ತುಲಾಮಳೆಯ ಸಂಜೆ ಗುಡುಗು ಶುರುವಾದರಂತೂ ಪ್ಲಗ್ ಕಿತ್ತಿಡಬೇಕು.

ಕಬ್ಬಿಣ ಸಾಮಾನಿನ ಬಗ್ಗೆ ಎರಡು ಮಾತು. ಸ್ಕ್ರೂಗಳ ತಲೆ ಮೆತ್ತಗೆ. ಪೈಲಟ್ ತೂತಿಲ್ಲದೆ ತಿರುಗಿಸಿದರೆ ಮೇಪಲ್‌ನೊಳಗೇ ತುಂಡಾಗುತ್ತದೆ. ಟ್ಯೂನಿಂಗ್ ಕೀಯ ಪುಟ್ಟ ಸ್ಕ್ರೂಗೆ 1.5 ಮಿ.ಮೀ., ಪಿಕ್‌ಗಾರ್ಡಿಗೆ 2, ನೆಕ್‌ನ ನಾಲ್ಕು ದೊಡ್ಡವಕ್ಕೆ 3 ಮಿ.ಮೀ. ಬಿಟ್. ಜಾರಲು ಸಾಬೂನು ಹಚ್ಚುವ ಅಭ್ಯಾಸ ಇಲ್ಲಿ ಒಳ್ಳೆಯದಲ್ಲ, ಅದು ತೇವ ಎಳೆದು ಸ್ಕ್ರೂಗೆ ತುಕ್ಕು ಹಿಡಿಸುತ್ತದೆ. ಮೇಣದಬತ್ತಿಗೆ ಉಜ್ಜಿಕೊಂಡರೆ ಸಾಕು. ಬ್ರಿಜ್‌ನ ಅಡಿಯ ತುಂಡು ಉಕ್ಕಿನದಲ್ಲ, ಸತುವಿನ ಎರಕ. ಬ್ರಿಜ್ ಅಲುಗಿಸಿ ಸ್ವರ ನಡುಗಿಸುವ ಟ್ರೆಮೊಲೊದ ಆಸೆ ಸದ್ಯಕ್ಕೆ ಬಿಟ್ಟು, ಐದೂ ಸ್ಪ್ರಿಂಗ್ ಹಾಕಿ, ಕೊಕ್ಕೆಯ ಎರಡು ಸ್ಕ್ರೂ ಬಿಗಿದು, ಬ್ರಿಜ್ ಬಾಡಿಗೆ ಅಂಟಿ ಕೂರುವಂತೆ ಮಾಡಿದರೆ ಶ್ರುತಿ ನಿಲ್ಲುತ್ತದೆ.

ನಟ್ ಮಾತ್ರ ಕಿತ್ತೆಸೆಯಬೇಕಾದ ವಸ್ತು. ಟೊಳ್ಳು ಪ್ಲಾಸ್ಟಿಕ್, ಸೀಳುಗಳು ಎತ್ತರ. ಮೊದಲ ಮೂರು ಫ್ರೆಟ್‌ನಲ್ಲಿ ಬೆರಳು ನೋಯುವುದೂ ಅಲ್ಲೇ ಶ್ರುತಿ ಏರುವುದೂ ಇದರಿಂದ. 42 ಮಿ.ಮೀ. ಅಗಲದ ಮೂಳೆಯ ನಟ್ ತರಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ನಟ್’ ಕೇಳಿದರೆ ಎಷ್ಟನೇ ನಂಬರ್ ಬೋಲ್ಟಿಗೆ ಎಂದು ಕೇಳುತ್ತಾರೆ, ಅದು ಆನ್‌ಲೈನ್ ಸರಕೇ. ಅಂಗಡಿಯಲ್ಲಿ ಸಿಗುವುದು ಗ್ಯಾಸ್ ವೆಲ್ಡಿಂಗ್ ನಾಜಲ್ ತೊಳೆಯುವ ಸೂಜಿಗಳ ಕಟ್ಟು. ಸೀಳು ಆಳ ಮಾಡಲು ದುಬಾರಿ ಅರದ ಬದಲು ಇದು ನಡೆಯುತ್ತದೆ. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿದಾಗ ಮೊದಲನೇ ಫ್ರೆಟ್‌ನ ಮೇಲೆ ಒಂದು ಕಾಗದದ ದಪ್ಪ ಸಂದಿ ಉಳಿಯಬೇಕು. ಸಂದಿಯೇ ಇಲ್ಲವಾದರೆ ಆಳ ಮಿತಿಮೀರಿತು, ಬಿಟ್ಟ ತಂತಿ ಜುಯ್‌ಗುಟ್ಟುತ್ತದೆ.

ಉಳಿದ ಹೊಂದಾಣಿಕೆ ಬೇರೆ ಯಾವ ಗಿಟಾರಿನಂತೆಯೇ. 9ರಿಂದ 42ರ (0.009ರಿಂದ 0.042 ಇಂಚು ದಪ್ಪದ) ತಂತಿ ಹಾಕಿ ಶ್ರುತಿ ಮಾಡಿ, ಒಂದನೇ ಮತ್ತು ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಏಳೆಂಟನೇ ಫ್ರೆಟ್ ಹತ್ತಿರ 0.25 ಮಿ.ಮೀ. ಸಂದಿ ಬರುವಂತೆ ಟ್ರಸ್ ರಾಡ್ ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. 12ನೇ ಫ್ರೆಟ್‌ನಲ್ಲಿ ಸಣ್ಣ ತಂತಿಗೆ 1.6, ದಪ್ಪ ತಂತಿಗೆ 2 ಮಿ.ಮೀ. ಎತ್ತರ. ಸ್ಯಾಡಲ್ ತಳ ಮುಟ್ಟಿದರೂ ಎತ್ತರ ಇಳಿಯದಿದ್ದರೆ ನೆಕ್ ಗುಂಡಿಯೊಳಗೆ ಬ್ರಿಜ್ ಕಡೆಯ ತುದಿಗೆ ವಿಸಿಟಿಂಗ್ ಕಾರ್ಡಿನ ಒಂದು ಪಟ್ಟಿ ಇಟ್ಟು ಬಿಗಿಯಿರಿ. 12ರಲ್ಲಿ ಒತ್ತಿದ ಸ್ವರ ಅಲ್ಲಿಯ ಹಾರ್ಮೋನಿಕ್‌ಗಿಂತ (ಒತ್ತದೆ ಬೆರಳು ತುಸು ತಾಗಿಸಿ ಮೀಟಿದ ಸ್ವರಕ್ಕಿಂತ) ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಕಿಟ್‌ನ ಜೊತೆ ಬರುವ ತಂತಿ ಉಪ್ಪಳದ ಗಾಳಿಗೆ ಹದಿನೈದು ದಿನ ತಡೆದರೆ ಹೆಚ್ಚು. ಕೋಟಿಂಗ್ ಇರುವ ತಂತಿ ತಂದು, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮೊದಲ ಮಳೆಗಾಲ ಕಳೆದ ಮೇಲೆ ನೆಕ್‌ನ ನಾಲ್ಕು ಸ್ಕ್ರೂ ಒಮ್ಮೆ ಬಿಗಿದು, ಟ್ರಸ್ ರಾಡ್ ಅಳತೆ ಮತ್ತೆ ನೋಡಬೇಕು. ಕಾಲು ಸುತ್ತಿನ ವ್ಯತ್ಯಾಸ ಬಂದೇ ಬಂದಿರುತ್ತದೆ.